ಇದ್ದ ಶಿಖರ ಮಾಯ, ಇಲ್ಲದ ಗೋಪುರ ಹಾಜರ್!

ನೀಲಿ ಬಣ್ಣದ 50 ರೂಪಾಯಿ ನೋಟನ್ನು ತಿರುಗಿಸಿ ನೋಡಿ. ಹಂಪಿಯ ಕಲ್ಲಿನ ರಥ ಇದೆ ಅಲ್ವಾ? ಅದು ಪೂರ್ತಿ ರಥ ಅಲ್ಲ ಅಂದ್ರೆ ನಂಬ್ತೀರಾ? 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಇವತ್ತು ಅದಿಲ್ಲ.

ಈಗಿನ ಮಕ್ಕಳು ಇತಿಹಾಸವನ್ನು ವಿಡಿಯೋ ಗೇಮ್‌ನಲ್ಲಿ, ಎಐ ಬರೆದ ಚಿತ್ರಗಳಲ್ಲಿ ನೋಡ್ತಿದ್ದಾರೆ. ನೋಡಲಿ, ತಪ್ಪೇನಿಲ್ಲ. 2014ರ 'ಅಸಾಸಿನ್ಸ್ ಕ್ರೀಡ್ ಯೂನಿಟಿ' ಆಟದಲ್ಲಿ ಪ್ಯಾರಿಸ್‌ನ ನೊಟ್ರೆ ಡಾಮ್ ಚರ್ಚಿನ ಗೋಡೆಯನ್ನೇ ಹತ್ತಬಹುದು. ಯಾವ ಪಠ್ಯಪುಸ್ತಕ ಆ ರೋಮಾಂಚನ ಕೊಡುತ್ತೆ? ಆದರೆ ಆಟದ ಕಥೆ 1789ರ ಫ್ರೆಂಚ್ ಕ್ರಾಂತಿಯದ್ದು. ಅದರಲ್ಲಿ ಕಾಣುವ ಮೊನಚು ಗೋಪುರ ಕಟ್ಟಿ ಮುಗಿಸಿದ್ದು 1859ರಲ್ಲಿ!

ಎಐ ಕಥೆ ಇನ್ನೂ ಸೂಕ್ಷ್ಮ. ಅದು ಕಲಿಯುವುದು ತನಗೆ ಸಿಕ್ಕ ಚಿತ್ರಗಳಿಂದ. ಪ್ರವಾಸಿಗರು ತೆಗೆದ ಅಸಂಖ್ಯ ಫೋಟೋಗಳಲ್ಲಿ ಹಂಪಿಯ ರಥಕ್ಕೆ ಶಿಖರ ಇಲ್ಲ. ಇರುವುದು ಹಳೆಯ ಕೆಲವೇ ಫೋಟೋಗಳಲ್ಲಿ. ಕೃಷ್ಣದೇವರಾಯನ ಕಾಲದ ರಥ ಬರೆದುಕೊಡು ಅಂತ ಕೇಳಿದರೆ, ಅದು ಯಾವ ಕಡೆ ವಾಲುತ್ತೆ? ನೀವೇ ಹೇಳಿ. ಆದರೆ ಇತಿಹಾಸ ಚುನಾವಣೆ ಅಲ್ಲ ಸ್ವಾಮಿ, ಬಹುಮತಕ್ಕೆ ಗೆಲುವು ಕೊಡೋಕೆ. ಇಲ್ಲಿ ಒಂದೇ ಒಂದು ಗಟ್ಟಿ ಸಾಕ್ಷಿ ಸಾವಿರ ಚಿತ್ರಗಳನ್ನು ಸೋಲಿಸುತ್ತೆ.

ಹಾಗಾಗಿ ಮೇಷ್ಟ್ರೇ, ಅಪ್ಪ-ಅಮ್ಮಂದಿರೇ, ಆಟ ಬೇಡ ಅನ್ನಬೇಡಿ. ಆಟ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: "ಇದು ಹೀಗೇ ಇತ್ತು ಅನ್ನೋದಕ್ಕೆ ಸಾಕ್ಷಿ ಏನು?" ಮಗು ಉತ್ತರ ಹುಡುಕೋಕೆ ಹೊರಟರೆ, ಇತಿಹಾಸದ ಪಾಠ ಅಲ್ಲಿಂದ ಶುರು.