ಗಡಿಯಾಚೆಗೆ ಉಳಿದ ಮಾತು

ಡೇನಿಷ್ ಭಾಷೆಗೂ ಖ್ಮೇರ್ ಭಾಷೆಗೂ ಏನು ನಂಟೆಂದು ನೀವು ಕೇಳಬಹುದು. ಹುಟ್ಟಿನ ನಂಟು ಯಾವುದೂ ಇಲ್ಲ. ಡೇನಿಷ್ ಇಂಗ್ಲಿಷ್, ಜರ್ಮನ್‌ಗಳ ಬಳಗದ್ದು; ಸುಮಾರು 60 ಲಕ್ಷ ಜನರಿರುವ ಡೆನ್ಮಾರ್ಕಿನ ಭಾಷೆ. ಖ್ಮೇರ್ ಕಾಂಬೋಡಿಯಾದ ಭಾಷೆ. ಆಡುವವರು ಒಂದೂವರೆ ಕೋಟಿಗೂ ಮಿಗಿಲು. ನಮ್ಮ ಮೇಘಾಲಯದ ಖಾಸಿ ಅದರ ದೂರದ ದಾಯಾದಿ.

ಆದರೂ ಹೋಲಿಕೆಗಳುಂಟು. ಎರಡರಲ್ಲಿಯೂ ಸ್ವರಗಳು ಹೇರಳ. ಕಲಿಯಹೊರಟ ಪರದೇಶಿಗಳು ಎರಡು ಕಡೆಯೂ ತಡವರಿಸುತ್ತಾರೆ. ಎಣಿಕೆಯಂತೂ ಸ್ವಾರಸ್ಯವಾದದ್ದು. ಖ್ಮೇರರು ಆರಕ್ಕೆ 'ಐದು-ಒಂದು' ಎನ್ನುತ್ತಾರೆ. ಡೇನರ ಅರವತ್ತು 'ಮೂರು ಇಪ್ಪತ್ತು'. ಐವತ್ತು 'ಎರಡೂವರೆ ಇಪ್ಪತ್ತು'! ಒಬ್ಬರು ಒಂದು ಕೈಬೆರಳುಗಳಿಗೆ ತೃಪ್ತರಾದರು, ಇನ್ನೊಬ್ಬರು ಕಾಲ್ಬೆರಳುಗಳನ್ನೂ ಸೇರಿಸಿಕೊಂಡರು ಎನ್ನೋಣ.

ಇಬ್ಬರೂ ತಮ್ಮ ಹಳೆಯ ಮಾತನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಯೆಲ್ಲಿಂಗ್ ಎಂಬ ಊರಿನಲ್ಲಿ ದೊರೆ ಹರಾಲ್ಡನ ರೂನ್ ಅಕ್ಷರಗಳ ಬಂಡೆ ಹತ್ತನೆಯ ಶತಮಾನದ್ದು. ಖ್ಮೇರ್ ಭಾಷೆಯ ಕಾಲನಿರ್ದಿಷ್ಟ ಶಾಸನ ಅದಕ್ಕೂ ಹಿಂದಿನದು, ಕ್ರಿ.ಶ. 611ರದು, ಅದರ ಲಿಪಿ ದಕ್ಷಿಣ ಭಾರತದಿಂದ ಹೋದದ್ದು. 'ಅಂಗ್ಕೋರ್' ಎಂಬ ಹೆಸರು ಸಂಸ್ಕೃತದ 'ನಗರ'ವೇ.

ಇಬ್ಬರ ರಾಜ್ಯಗಳೂ ಕುಗ್ಗಿದವು, ಮಾತು ಗಡಿಯಾಚೆ ಉಳಿಯಿತು. ಆಮೇಲಿನ ಕಥೆ ಮಾತ್ರ ಒಂದೇ ಬಗೆಯಾಗಲಿಲ್ಲ.

1864ರ ಯುದ್ಧದಲ್ಲಿ ಡೆನ್ಮಾರ್ಕ್ ಶ್ಲೆಸ್ವಿಗ್ ಪ್ರಾಂತವನ್ನು ಕಳೆದುಕೊಂಡಿತು. ಮೊದಲ ಮಹಾಯುದ್ಧ ಮುಗಿದಮೇಲೆ, 1920ರಲ್ಲಿ, ಅಲ್ಲಿನ ಜನರನ್ನೇ ಕೇಳಲಾಯಿತು. ಉತ್ತರದಲ್ಲಿ ನೂರಕ್ಕೆ ಸುಮಾರು 75 ಮತ ಡೆನ್ಮಾರ್ಕಿಗೆ, ದಕ್ಷಿಣದಲ್ಲಿ ಸುಮಾರು 80 ಜರ್ಮನಿಗೆ ಬಿದ್ದವು. ಗಡಿ ಅದರಂತೆಯೇ ನಿಂತಿತು. ದಕ್ಷಿಣದಲ್ಲಿ ಉಳಿದ ಡೇನರಿಗೂ ಉತ್ತರದ ಜರ್ಮನರಿಗೂ 1955ರ ಘೋಷಣೆಗಳು ಆಸರೆಯಾದವು. ಇಂದಿಗೂ ಅವರವರ ಶಾಲೆಗಳಿವೆ.

ಖ್ಮೇರರ ಪಾಲಿಗೆ ಇಂಥ ಮತಪೆಟ್ಟಿಗೆ ಬರಲಿಲ್ಲ. ಮೆಕಾಂಗ್ ನದಿಯ ಮುಖಜಭೂಮಿಗೆ ಹದಿನೇಳನೆಯ ಶತಮಾನದಿಂದ ವಿಯೆಟ್ನಾಮಿನವರು ಬಂದು ನೆಲೆಸುತ್ತ ಹೋದರು. ಬಳಿಕ ಫ್ರೆಂಚರು ಬಂದರು; 1949ರಲ್ಲಿ, ಕಾಂಬೋಡಿಯಾದ ಪ್ರತಿಭಟನೆಯನ್ನು ಲೆಕ್ಕಿಸದೆ, ಆ ನೆಲವನ್ನು ವಿಯೆಟ್ನಾಂಗೆ ಸೇರಿಸಿದರು. ಆ ವೇಳೆಗೆ ಅಲ್ಲಿ ವಿಯೆಟ್ನಾಮಿನವರೇ ಬಹುಸಂಖ್ಯಾತರು, ನಿಜ. ಆದರೆ ಶ್ಲೆಸ್ವಿಗ್‌ನ ದಕ್ಷಿಣದ ಡೇನರು ಸೋತದ್ದು ತಮ್ಮನ್ನು ಕೇಳಿದ ಮೇಲೆ. ಕೇಳದೆಯೇ ಸೋಲುವುದು ಬೇರೆ ಮಾತು.

ಆ ಮುಖಜಭೂಮಿಯಲ್ಲಿ ಇಂದೂ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಖ್ಮೇರರಿದ್ದಾರೆ. ಮಕ್ಕಳಿಗೆ ಅಕ್ಷರ ಕಲಿಸುವುದರಲ್ಲಿ ಬೌದ್ಧ ವಿಹಾರಗಳ ಭಿಕ್ಷುಗಳ ಪಾಲು ದೊಡ್ಡದು. ಥಾಯ್ಲೆಂಡಿನ ಸುರಿನ್ ಸೀಮೆಯಲ್ಲಿಯೂ ಹಳ್ಳಿಯ ಹಿರಿಯರ ಮನೆಮಾತು ಖ್ಮೇರ್. ಶಾಲೆಯ ಓದುಬರಹ ಥಾಯ್. ಸೈಗಾನ್ ಪಟ್ಟಣವನ್ನು ಖ್ಮೇರರು ತಮ್ಮೊಳಗೆ ಈಗಲೂ 'ಪ್ರೈ ನೊಕೋರ್' ಎನ್ನುವುದುಂಟು. 'ಪ್ರೈ' ಎಂದರೆ ಕಾಡು. 'ನೊಕೋರ್' ಯಾವುದೆಂದು ನಿಮಗೆ ಆಗಲೇ ಹೊಳೆದಿರಬೇಕು: ಅದೂ 'ನಗರ'ವೇ.