ಗುಂಡುಕಲ್ಲು

ನಮ್ಮಪ್ಪ ಬಾಯ್ಲರ್ ಇನ್‌ಸ್ಪೆಕ್ಟರ್ ಆಗಿದ್ದರು. ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು ಹೋದವರು ಸಂಜೆ ಮಸಿಯ ಮುದ್ದೆಯಾಗಿ ಬರುತ್ತಿದ್ದರು. ಆರಿದ ಬಾಯ್ಲರಿನೊಳಕ್ಕೆ ತೂರಿ, ಪುಟ್ಟ ಸುತ್ತಿಗೆಯಿಂದ ತಟ್ಟಿ ಕಿವಿಗೊಡುವುದು ಅವರ ಕೆಲಸ. ಗಟ್ಟಿ ತಗಡು ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಒಡಕು ದನಿ ಕೊಡುತ್ತದೆ. "ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಾನು ಮಾಡೋದೂ ಅದೇ. ನನಗ್ಯಾರೂ ಸಂಬಳ ಕೊಡಲಿಲ್ಲ" ಎನ್ನುತ್ತಿದ್ದರು ಅಮ್ಮ.

ಆಮೇಲೆ ಬಾಯ್ಲರಿಗೆ ತಣ್ಣೀರು ತುಂಬಿ, ಪಂಪು ಒತ್ತಿ, ಮಾಮೂಲಿಗಿಂತ ಒಂದೂವರೆ ಪಟ್ಟು ಒತ್ತಡ ಕೊಡುವ ಪರೀಕ್ಷೆ. ಆವಿಯಲ್ಲೇ ಯಾಕೆ ಮಾಡಬಾರದು ಎಂದು ಒಮ್ಮೆ ಕೇಳಿದ್ದೆ. "ತಣ್ಣೀರಲ್ಲಿ ಒಡೆದರೆ ನೆನೆದುಕೊಂಡು ಮನೆಗೆ ಬರ್ತೀನಿ ಮಗಳೆ. ಆವಿಯಲ್ಲಿ ಒಡೆದರೆ ಪೇಪರಿನಲ್ಲಿ ಬರ್ತೀನಿ" ಎಂದರು. ನೀರು ಚಿಮ್ಮಿ ಸುಮ್ಮನಾಗುತ್ತದೆ. ಆವಿಗೋ ನೀರಿನ ಸುಮಾರು 1,600 ಪಟ್ಟು ಜಾಗ ಬೇಕು.

ಈ ಭಯ ಹಳೆಯದು. 1679ರಲ್ಲಿ ದೆನಿ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಲಂಡನ್ನಿನಲ್ಲಿ ಮೂಳೆಯನ್ನೂ ಮೆತ್ತಗೆ ಬೇಯಿಸುವ ಬಿಗಿ ಮುಚ್ಚಳದ ಪಾತ್ರೆ ಮಾಡಿ ತೋರಿಸಿದ. ಅದು ಸಿಡಿಯದಿರಲೆಂದು ಸನ್ನೆಗೋಲಿಗೆ ತೂಕ ಕಟ್ಟಿದ ವಾಲ್ವೊಂದನ್ನು ಹೂಡಿದ. ನಮ್ಮ ಕುಕ್ಕರಿಗೂ ಅಪ್ಪನ ಬಾಯ್ಲರಿಗೂ ಅದೇ ತವರು. ನಮ್ಮಲ್ಲಿ 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಹಲವರು ಸತ್ತರು. ಮರುವರ್ಷವೇ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು. ಸತ್ತ ಮೇಲೇ ಕಾನೂನು ಬರುವುದು, ಇದನ್ನು ನಾನು ಎಷ್ಟು ಪಾಠಗಳಲ್ಲಿ ಮಾಡಿದ್ದೇನೋ! ಅಪ್ಪನ ಅಧಿಕಾರವೆಲ್ಲ 1923ರ ಭಾರತೀಯ ಬಾಯ್ಲರ್ ಕಾಯ್ದೆಯದು. 2025ರಲ್ಲಿ ಅದರ ಜಾಗಕ್ಕೆ ಹೊಸದು ಬಂದಿದೆ.

1979ರ ಬೇಸಿಗೆ. ಮಲೆನಾಡಿನ ಒಂದು ಕುಚ್ಚಲಕ್ಕಿ ಗಿರಣಿಯಲ್ಲಿ ಸೇಫ್ಟಿ ವಾಲ್ವಿನ ಸನ್ನೆಗೋಲಿಗೆ ಯಾರೋ ಗುಂಡುಕಲ್ಲೊಂದನ್ನು ಬಿಗಿದಿದ್ದರು, ಆವಿ ದಂಡವಾಗಬಾರದಂತೆ! ಅಪ್ಪ ಬಾಯ್ಲರ್ ನಿಲ್ಲಿಸಿ, ಕಲ್ಲು ಬಿಚ್ಚಿಸಿ ಮನೆಗೇ ತಂದರು. ಮೂರನೆಯ ದಿನ ಗಿರಣಿಯಲ್ಲಿ ಭತ್ತ ಹರವುವ ಏಳೆಂಟು ಹೆಂಗಸರು ನಮ್ಮ ಜಗಲಿಯಲ್ಲಿದ್ದರು. "ನಿಮ್ಮ ಯಜಮಾನ್ರಿಂದ ನಮ್ಮ ಒಲೆ ಆರೋಯ್ತು ಅಮ್ಮಾವ್ರೆ!" ಬಾಯ್ಲರಿಗೆ ಹೆದರದ ಅಪ್ಪ ಜಗಲಿಗೆ ಬರಲು ಹೆದರಿ ಒಳಗೇ ಕೂತರು.

ಅಮ್ಮ ಅವರನ್ನು ಅಡುಗೆಮನೆಗೇ ಕರೆದು, ಸೀಟಿ ಹೊಡೆಯುತ್ತಿದ್ದ ಕುಕ್ಕರು ತೋರಿಸಿದರು. "ಈ ಸೀಟಿ ಮೇಲೆ ಆ ಕಲ್ಲು ಹೇರಿದರೆ ಪಕ್ಕದಲ್ಲಿ ಕೂರ್ತೀರಾ?"

"ಕೂರಲ್ಲ ಅಮ್ಮಾವ್ರೆ," ಎಂದಳು ಒಬ್ಬ ಹಿರಿಯಳು. "ಆದ್ರೆ ಈ ವಾರದ ಕೂಲಿ?"

ಅದಕ್ಕೆ ಅಮ್ಮನಲ್ಲೂ ಉತ್ತರವಿರಲಿಲ್ಲ, ಅಪ್ಪನ ಕಾಯ್ದೆಯಲ್ಲೂ ಇರಲಿಲ್ಲ. ಡಬ್ಬಿಯಲ್ಲಿದ್ದ ಅಕ್ಕಿಯನ್ನೆಲ್ಲ ಅವರ ಸೆರಗಿಗೆ ಸುರಿದು ಕಳಿಸಿದರು. ಆ ರಾತ್ರಿ ನಮಗೆ ಉಪ್ಪಿಟ್ಟು. ಅಪ್ಪ ಮಾತಾಡದೆ ತಿಂದರು.

ಹನ್ನೊಂದು ದಿನಗಳ ಮೇಲೆ ಗಿರಣಿಯ ಸೀಟಿ ಮತ್ತೆ ಕೂಗಿತು. ಕಲ್ಲು ಮಾತ್ರ ನಮ್ಮಲ್ಲೇ ಉಳಿಯಿತು. ಅಮ್ಮ ಅದನ್ನು ತೊಳೆದು ಮಾವಿನಕಾಯಿ ಜಾಡಿಯ ಮುಚ್ಚಳದ ಮೇಲೆ ಹೇರಿದರು. ಈಗ ಅದು ನಮ್ಮ ಮನೆಯ ಜಾಡಿಯ ಮೇಲಿದೆ.