ಕಡಲಕಳೆಗಳ ವರ್ಗೀಕರಣ: ಚರಿತ್ರೆ

ಸಮುದ್ರದ ಬಂಡೆ, ಚಿಪ್ಪುಗಳಿಗೆ ಅಂಟಿ ಬೆಳೆಯುವ ದೊಡ್ಡ ಪಾಚಿಗಳೇ ಕಡಲಕಳೆಗಳು. ಇವಕ್ಕೆ ಹೂವಿಲ್ಲ, ಬೀಜವಿಲ್ಲ, ನಿಜವಾದ ಬೇರೂ ಇಲ್ಲ. ಅಲೆ ಹೊಡೆಯುವಲ್ಲಿ ಗಿಡ್ಡಗಿರುವ ಜಾತಿ ನಿಂತ ನೀರಿನಲ್ಲಿ ನೀಳವಾಗಿ ಬೆಳೆದು ಬೇರೆಯದೇ ಎನಿಸುವುದುಂಟು. ಹೀಗಾಗಿ ಹೊರರೂಪ ನಂಬಿದವರು ಪದೇ ಪದೇ ಎಡವಿದ್ದಾರೆ.

ಲಿನಿಯಸ್ 1753ರಲ್ಲಿ ಇವನ್ನು ಫ್ಯೂಕಸ್, ಉಲ್ವಾ ಮೊದಲಾದ ಕೆಲವೇ ಕುಲಗಳಲ್ಲಿ ತುಂಬಿದ. 1836ರಲ್ಲಿ ಐರ್ಲೆಂಡಿನ ವಿಲಿಯಂ ಹಾರ್ವೆ ಬಣ್ಣ ನೋಡಿ ಹಸಿರು, ಕಂದು, ಕೆಂಪು ಎಂದು ವಿಂಗಡಿಸಿದ. ಆ ಮೂರು ಗುಂಪು ಇಂದಿಗೂ ಉಳಿದಿವೆ. ಸ್ವೀಡನ್ನಿನ ಹರಾಲ್ಡ್ ಕೈಲಿನ್ ಕೆಂಪು ಪಾಚಿಗಳನ್ನು ಸಂತಾನಾಂಗಗಳ ರಚನೆಯ ಮೇಲೆ ಜೋಡಿಸಿದ. 1949ರಲ್ಲಿ ಕ್ಯಾಥ್ಲೀನ್ ಡ್ರೂ, ಬೇರೆ ಕುಲವೆಂದೇ ಎಣಿಸಿದ್ದ ಕಾಂಕೋಸೆಲಿಸ್ ಪೋರ್ಫಿರಾದ ಬದುಕಿನ ಒಂದು ಹಂತವಷ್ಟೇ ಎಂದು ತೋರಿಸಿದರು. ಭಾರತದಲ್ಲಿ ಎಂ.ಓ.ಪಿ. ಅಯ್ಯಂಗಾರರು ಕ್ರುಸಡೈ ದ್ವೀಪದ ಪಾಚಿಗಳನ್ನು 1927ರಲ್ಲಿ ದಾಖಲಿಸಿದರು. ಕಾರವಾರ ಕಡೆಯ ಕರಾವಳಿಯನ್ನು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಸಮೀಕ್ಷಿಸಿದ್ದಾರೆ.

ಪಾಚಿಗಳನ್ನು ಗುರುತಿಸುವ ಹಳೆಯ ಕ್ರಮ ಇಂದಿಗೂ ಬಿಟ್ಟುಹೋಗಿಲ್ಲ. ಇಳಿತದ ಹೊತ್ತಿನಲ್ಲಿ ಕಿತ್ತ ಪಾಚಿಯನ್ನು ತಟ್ಟೆಯ ನೀರಲ್ಲಿ ತೇಲಿಸಿ, ಅಡಿಗೆ ಕಾಗದ ಹಿಡಿದು ಎತ್ತಿ, ಮೇಲೊಂದು ತೆಳುಬಟ್ಟೆ ಹೊದಿಸಿ ಒತ್ತಿ ಒಣಗಿಸುತ್ತಾರೆ. ಬ್ಲೇಡಿನಿಂದ ಕೊಯ್ದ ಸೀಳನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಉಲ್ವಾದ ಹಾಳೆ ಎರಡು ಕೋಶದಷ್ಟು ದಪ್ಪ ಕಾಣುತ್ತದೆ. ಎಂಟೆರೊಮಾರ್ಫಾ ಒಂದೇ ಕೋಶದ ಗೋಡೆಯ ಟೊಳ್ಳು ಕೊಳವೆ. ಇಷ್ಟು ಸ್ಪಷ್ಟವಾದ ವ್ಯತ್ಯಾಸವೂ ಡಿಎನ್‌ಎ ಮುಂದೆ ನಿಲ್ಲಲಿಲ್ಲ. 2003ರಲ್ಲಿ ಎರಡೂ ಒಂದೇ ಕುಲವಾದವು. ಲಿನಿಯಸ್ ಎರಡನ್ನೂ ಉಲ್ವಾದಲ್ಲೇ ಇಟ್ಟಿದ್ದ! ಹಳೆಯ ಪಟ್ಟಿಗಳ ಎಂಟೆರೊಮಾರ್ಫಾವನ್ನು ಈಗ ಉಲ್ವಾ ಎಂದೇ ಓದಿಕೊಳ್ಳಬೇಕು.

ಡಿಎನ್‌ಎಗಾಗಿ ಪಾಚಿಯ ಚೂರನ್ನು ಸಿಲಿಕಾ ಜೆಲ್‌ನಲ್ಲಿ ಒಣಗಿಸಿಡುತ್ತಾರೆ. ಅಗರ್, ಕ್ಯಾರಜೀನನ್‌ನಂಥ ಅಂಟು, ಡಿಎನ್‌ಎಯ ಪ್ರತಿ ತೆಗೆಯುವ ಪಿಸಿಆರ್ ಕ್ರಿಯೆಗೆ ಅಡ್ಡಬರುವುದರಿಂದ ಅದನ್ನು ಕಳೆಯುವುದೇ ದೊಡ್ಡ ಕೆಲಸ. ಬಳಿಕ ಆರ್‌ಬಿಸಿಎಲ್, ಕಾಕ್ಸ್1 ಜೀನುಗಳನ್ನು ಹೋಲಿಸುತ್ತಾರೆ. ಆದರೂ ಜಾತಿಯ ಹೆಸರು ಅಂಟಿಕೊಂಡಿರುವುದು ಅದನ್ನು ಹೆಸರಿಸುವಾಗ ಆಧಾರವಾಗಿಟ್ಟ ಮೂಲ ಮಾದರಿಗೇ.

ಕಡಲಿಲ್ಲದ ಬೆಂಗಳೂರಿಗೂ ಈ ಚರಿತ್ರೆಯ ನಂಟಿದೆ. 2010ರಲ್ಲಿ ಶುರುವಾದ ಕಡಲಕಳೆ ಕಂಪನಿ ಸೀ6 ಎನರ್ಜಿ, ಹೆಬ್ಬಾಳದಾಚೆ ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದ ಸಿ-ಕ್ಯಾಂಪ್‌ನಲ್ಲಿ ನೆಲೆ ಪಡೆದು ಬೆಳೆದದ್ದು. ಅದು ಬೆಳೆಸುವ ಕಪ್ಪಾಫೈಕಸ್ ಕೆಂಪು ಪಾಚಿಗಳ ಗುಂಪಿಗೆ ಸೇರಿದರೂ ಅದರಲ್ಲಿ ಹಸಿರು, ಕಂದು ತಳಿಗಳಿವೆ. ಬಣ್ಣ ನೋಡಿ ವಿಂಗಡಿಸುವವರಿಗೆ ಇದು ತಕ್ಕ ಉತ್ತರ. ಮ್ಯಾಕ್ಸ್‌ವೆಲ್ ಡೋಟಿ 1988ರಲ್ಲಿ ಇದಕ್ಕೆ ಪ್ರತ್ಯೇಕ ಕುಲ ಕಟ್ಟಿದರು. ಭಾರತಕ್ಕೆ ಇದು ಹೊರಗಿನಿಂದ ಬಂದದ್ದು. ವ್ಯಾಪಾರಿಗಳು ‘ಕಾಟೋನಿ’ ಎಂದು ಮಾರುವುದು ಬಹುಪಾಲು ಕಪ್ಪಾಫೈಕಸ್ ಅಲ್ವರೆಜಿಯನ್ನು. ಕಾಟೋನಿ ಎಂಬ ಜಾತಿ ಬೇರೆಯೇ ಇದೆ.